ಹಂದಿಗೆ ಬಣ್ಣ ಬಳಿದ ಹಂಫ್ರಿ

ಹಂಫ್ರಿ ಟಾಸ್ಕರನ ಕುತ್ತಿಗೆಗೆ ಬಂದದ್ದು ಒಂದು ಮರದ ಹಂದಿ.

ಲೆಸ್ಟರ್ ಪಟ್ಟಣಕ್ಕೆ ಹೋಗುವ ದಾರಿಯಲ್ಲಿ, ಎಲ್ಮ್‌ಸ್ಟೋ ಎಂಬ ಊರಿನ ನಟ್ಟನಡುವೆ ಅವನ ಪಡಖಾನೆ. ಬಾಗಿಲ ಮುಂದಿನ ಕಂಬಕ್ಕೆ ಆ ಹಂದಿಯನ್ನು ತೂಗುಹಾಕಿದ್ದ. ಓಕ್ ಮರದಲ್ಲಿ ಕೆತ್ತಿದ್ದು. ಮೈಯೆಲ್ಲ ಹಾಲುಬಿಳುಪು, ಬಾಯಿಂದ ಮೇಲಕ್ಕೆ ಬಾಗಿದ ಎರಡು ಕೋರೆ. ಇಂಗ್ಲೆಂಡಿನ ರಿಚರ್ಡ್ ದೊರೆಯ ಲಾಂಛನವೇ ಬಿಳಿ ಕಾಡುಹಂದಿ. ದೊರೆ ಗದ್ದುಗೆಯ ಮೇಲಿದ್ದ ತನಕ ಅದನ್ನು ತೂಗುಹಾಕಿದವನು ನಿಷ್ಠಾವಂತ. ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ ದೊರೆ ಯುದ್ಧದಲ್ಲಿ ಸತ್ತ. ಅಲ್ಲಿಂದಾಚೆ ಅದನ್ನು ತೂಗುಹಾಕಿದವನು ದ್ರೋಹಿ. ಹಂದಿ ಮಾತ್ರ ಇದ್ದಲ್ಲೇ ಇತ್ತು, ಒಂದಿಂಚೂ ಕದಲಿರಲಿಲ್ಲ. ದೊಡ್ಡವರ ಆಟವೇ ಇಷ್ಟು. ಗದ್ದುಗೆ ಬದಲಾಯಿಸುವವರು ಅವರು, ಬೆವರು ಒರೆಸಿಕೊಳ್ಳುವವರು ನಾವು.

"ಹಂಫ್ರಿಯಣ್ಣಾ! ಹೋಯ್ತು, ಎಲ್ಲಾ ಹೋಯ್ತು!" ಎಂದು ಕೂಗುತ್ತ ಓಡಿಬಂದವನು ಎದುರುಮನೆಯ ಕ್ಷೌರಿಕ ಗಿಲ್ಬರ್ಟ್. ಕೈಯಲ್ಲಿ ನೊರೆ ಹಾಗೇ ಇತ್ತು. ಅರ್ಧ ಗಡ್ಡ ಬೋಳಿಸಿಕೊಂಡ ಗಿರಾಕಿಯೊಬ್ಬ ಬೈಯುತ್ತ ಅವನ ಹಿಂದೆಯೇ ಬಂದ.

"ಏನಯ್ಯಾ ಹೋಯ್ತು?"

"ದೊರೆ ಹೋದ! ಸುತ್ತುಹಾಕ್ಕೊಂಡು ಕೊಚ್ಚಿಹಾಕಿದ್ರಂತೆ. ಗೆದ್ದೋನು ಆ ವೇಲ್ಸ್ ಕಡೆಯ ಹೆನ್ರಿ. ಸಂಜೆಯೊಳಗೆ ಅವನ ದಂಡು ಇದೇ ದಾರೀಲಿ ಬರತ್ತೆ. ಬಿಳಿಹಂದಿ ಕಂಡ ಮನೆ ಸುಡ್ತಾರಂತೆ. ಯಜಮಾನನನ್ನ ಹಂದಿ ಇದ್ದ ಕಂಬಕ್ಕೇ ನೇತುಹಾಕ್ತಾರಂತೆ!"

ಹಂಫ್ರಿ ಅಲ್ಲೇ ಇದ್ದ ಪೀಪಾಯಿಯ ಮೇಲೆ ಕುಕ್ಕರಿಸಿದ. ಮೊದಲು ಅವನ ಕಣ್ಣಮುಂದೆ ಬಂದದ್ದು ಕಂಬವಲ್ಲ, ಪಡಖಾನೆಯ ಹಿಂದಿನ ಅಂಗಳ. ಆ ಅಂಗಳವನ್ನು ಊರಿನ ಜಹಗೀರುದಾರ ಬೇಲಿ ಹಾಕಿ ನುಂಗಿದ್ದ. ಊರಲ್ಲಿ ಯಾರೂ ಉಸಿರೆತ್ತಿರಲಿಲ್ಲ. ಬಡವರ ದೂರನ್ನು ದೊರೆಯ ಕಡೆಯವರೇ ಕೇಳುತ್ತಾರಂತೆ ಎಂದು ಯಾರೋ ಹೇಳಿದ್ದರು. ಹಂಫ್ರಿ ಅಂಜುತ್ತಲೇ ಹೋಗಿದ್ದ. ಯಾರ ಕಾಲನ್ನೂ ಹಿಡಿಯದೆ, ಯಾರ ಕೈಯನ್ನೂ ಬಿಸಿ ಮಾಡದೆ, ಅಂಗಳ ಮರಳಿ ಬಂದಿತ್ತು. ಆ ಖುಷಿಗೆ ಕೆತ್ತಿಸಿದ ಹಂದಿ ಇದು. ಅದೇ ದೊರೆ ಮೊನ್ನೆ ದಂಡಿಗೆ ಜನ ಕರೆದಾಗ ಮಾತ್ರ ಹಂಫ್ರಿ ಮಂಡಿನೋವು ಅಂತ ಹೇಳಿ ಮನೆಯಲ್ಲಿ ಉಳಿದಿದ್ದ. ಮಂಡಿಗೆ ಏನೂ ಆಗಿರಲಿಲ್ಲ.

"ಕೂತ್ಕೊಂಡ್ರೆ ಆಯ್ತಾ? ಇಳಿಸ್ರೀ ಅದನ್ನ!" ಎಂದು ಹೆಂಡತಿ ಸಿಸಿಲಿ ಸೌಟು ಹಿಡಿದೇ ಹೊರಗೆ ಬಂದಳು.

"ಇಳಿಸ್ಬೇಡಿ, ಇಳಿಸ್ಬೇಡಿ!" ಗಿಲ್ಬರ್ಟ್ ಅಡ್ಡ ನಿಂತ. "ಗುರುತಿನ ಹಲಗೆ ಇಲ್ದೆ ಬಿಯರ್ ಮಾರೋದೇ ತಪ್ಪು. ಅದೂ ಅಲ್ದೆ ಖಾಲಿ ಕಂಬ ನೋಡಿದ್ರೆ ಇಲ್ಲೇನೋ ಬಚ್ಚಿಟ್ಟಿದಾರೆ ಅಂತ ಕತ್ತೆಗೂ ಗೊತ್ತಾಗತ್ತೆ."

ಇಳಿಸಲು ಬರುವಂತೆಯೂ ಇರಲಿಲ್ಲ. ದೊರೆಯ ಆಳ್ವಿಕೆ ನೂರು ವರ್ಷ ನಡೆಯುತ್ತದೆಂದು ನಂಬಿದ ಕಮ್ಮಾರ ಕಬ್ಬಿಣದ ಪಟ್ಟಿ ಬಡಿದು ಬಿಗಿದಿದ್ದ. ಆಳ್ವಿಕೆ ಎರಡೇ ವರ್ಷಕ್ಕೆ ಕಳಚಿತು. ಪಟ್ಟಿ ಕಳಚಲಿಲ್ಲ.

ಅಷ್ಟರಲ್ಲಿ ಓಣಿಯ ಮಂದಿಯೆಲ್ಲ ಸೇರಿದರು. ಬೆಳಿಗ್ಗೆಯವರೆಗೆ ದೊರೆಯ ಆಯುಷ್ಯಕ್ಕೆ ಪ್ರಾರ್ಥಿಸಿದ ಬಾಯಿಗಳೆಲ್ಲ ಈಗ ಬೇರೆಯೇ ರಾಗ ತೆಗೆದವು.

"ಪಾಪಿ ಕಣ್ರೀ ಅವನು," ಎಂದ ಗಿಲ್ಬರ್ಟ್. "ಅಣ್ಣ ಸತ್ತ, ಅಣ್ಣನ ಮಕ್ಕಳನ್ನ ನೋಡ್ಕೊ ಅಂದ್ರೆ ಲಂಡನ್ ಕೋಟೇಲಿ ಕೂಡಿಹಾಕಿ ತಾನೇ ಕಿರೀಟ ಇಟ್ಕೊಂಡ. ಆಮೇಲೆ ಆ ಎರಡು ಗಂಡುಮಕ್ಕಳನ್ನ ಕಂಡೋರುಂಟಾ? ಬೆನ್ನು ಸೊಟ್ಟ ಇದ್ದೋನ ಬುದ್ಧಿ ನೆಟ್ಟಗಿರತ್ತಾ?"

"ಮೊನ್ನೆ ಅವನ ಹೆಸರಲ್ಲಿ ಮೂರು ಲೋಟ ಏರಿಸ್ದಾಗ ಬೆನ್ನು ನೆಟ್ಟಗಿತ್ತೇನೋ?" ಎಂದಳು ಮೇಣದಬತ್ತಿ ಮಾಡುವ ಮಾರ್ಜರಿ ಅಜ್ಜಿ. ಅವಳ ಎದೆಯ ಮೇಲೆ ತವರದ ಒಂದು ಪುಟ್ಟ ಬಿಳಿಹಂದಿ ಚುಚ್ಚಿಕೊಂಡೇ ಇತ್ತು. "ಮಕ್ಕಳ ವಿಷಯ ನಂಗೊತ್ತಿಲ್ಲಪ್ಪ. ತಪ್ಪು ಮಾಡಿದ್ರೆ ದೇವರು ಕೇಳ್ತಾನೆ. ಆದ್ರೆ ಅಣ್ಣ ಇರೋ ತನಕ ಉತ್ತರದ ಗಡಿ ಕಾಯ್ತಾ ಬಿದ್ದಿದ್ದ. ಒಬ್ಬನೇ ಮಗ, ಅವನೂ ಹೋದ. ಹೆಂಡ್ತಿ ಹೋದ್ಲು. ಕಾನೂನನ್ನ ಫ್ರೆಂಚ್ ಬಿಟ್ಟು ನಮ್ಮ ಮಾತಲ್ಲಿ ಬರೆಸಿದ ಪುಣ್ಯಾತ್ಮ ಅವನೊಬ್ನೇ. ಅದಕ್ಕೇ ದೊಡ್ಡೋರಿಗೆ ಹೊಟ್ಟೆ ಉರಿ."

"ಅಜ್ಜೀ, ಆ ಹಂದಿ ತೆಗಿ. ನಿನ್ನ ಜೊತೆ ಓಣೀನೇ ಸುಡಿಸ್ತೀಯಾ!" ಎಂದ ಗಿಲ್ಬರ್ಟ್.

"ಸುಟ್ರೆ ಸುಡ್ಲಿ. ಮೇಣ ನಂದೇ ಇದೆ, ಬೇಗ ಉರಿಯತ್ತೆ."

ಹಂಫ್ರಿ ಅಜ್ಜಿಯ ಮುಖ ನೋಡಲಾರದೆ ಏಣಿ ತಂದ.

ಸಿಸಿಲಿಗೆ ಒಂದು ಉಪಾಯ ಹೊಳೆಯಿತು. ಹೇಗೂ ಬಿಳೀ ಪ್ರಾಣಿ. ಕೋರೆ ಕಿತ್ತರೆ ಕುರಿಯಾಗುವುದಿಲ್ಲವೇ? "ಹಲ್ಲು ಕೀಳೋದು ನನ್ನ ಕಸುಬು!" ಎಂದು ಗಿಲ್ಬರ್ಟ್ ಇಕ್ಕಳ ತಂದ. ಹಂಫ್ರಿಯನ್ನು ಏಣಿ ಹಿಡಿಯಲು ನಿಲ್ಲಿಸಿ, ಮೇಲೆ ಹತ್ತಿ, ಹಂದಿಯ ಮೂತಿಗೆ ಮೊಣಕೈ ಕೊಟ್ಟು, ಜೀವಂತ ಗಿರಾಕಿಗೆ ಹೇಳುವ ಹಾಗೆಯೇ "ನೋವಾಗಲ್ಲ, ನೋವಾಗಲ್ಲ" ಎನ್ನುತ್ತ ಜಗ್ಗಿದ. ಎಡಗೋರೆ ಚಟ್ಟನೆ ಮುರಿದು, ಕೆಳಗೆ ಕಾಯುತ್ತಿದ್ದ ಅರ್ಧ ಗಡ್ಡದವನ ನೆತ್ತಿಗೆ ಬಡಿಯಿತು. ಗಿಲ್ಬರ್ಟ್ ಹಂಫ್ರಿಯ ಮೇಲೆ ಬಿದ್ದ. ಹಂಫ್ರಿಯ ಹುಬ್ಬು ಒಡೆಯಿತು.

"ನನ್ನ ಗಡ್ಡ ಮುಗಿಸೋದು ಬಿಟ್ಟು ಹಂದೀಗೆ ಕೈ ಹಾಕ್ತೀಯಲ್ಲೋ!" ಎಂದು ಗಿರಾಕಿ ಅಬ್ಬರಿಸಿದ.

ಎಲ್ಲರೂ ತಲೆಯೆತ್ತಿ ನೋಡಿದರು. ಕುರಿಯೂ ಅಲ್ಲ, ಹಂದಿಯೂ ಅಲ್ಲ. ಹಲ್ಲುನೋವಿಗೆ ಕೆನ್ನೆ ಊದಿಸಿಕೊಂಡು ಪ್ರವಚನಕ್ಕೆ ನಿಂತ ಪಾದ್ರಿಯಂತೆ ಅದು ಅವರನ್ನು ನೋಡುತ್ತಿತ್ತು. ಉಳಿದ ಕೋರೆಯನ್ನು ಮುಟ್ಟಲು ಹಂಫ್ರಿ ಬಿಡಲಿಲ್ಲ.

ಕೊನೆಗೆ ಬಣ್ಣಗಾರ ವ್ಯಾಟ್‌ಗೆ ಹೇಳಿಕಳಿಸಿದರು. ಅವನು ಹಗಲು ಹೊತ್ತಿನಲ್ಲೇ ತೂರಾಡುತ್ತ ಬಂದ.

"ಯಜಮಾನ್ರೇ, ಯಾವ ಬಣ್ಣ?"

"ಬಿಳಿ ಬಿಟ್ಟು ಯಾವುದಾದ್ರೂ!"

"ಕೆಂಪು?"

"ಸರಿ, ಕೆಂಪು."

"ಇಲ್ಲ."

"ಕಪ್ಪು?"

"ಮುಗ್ದೋಯ್ತು."

"ಇರೋದೇನೋ ಹೇಳೋ ಮಾರಾಯ!"

"ನೀಲಿ. ಚರ್ಚಿನ ಮೇರಿಮಾತೆ ಮೇಲುಹೊದಿಕೆಗೆ ಬಳಿದು ಮಿಕ್ಕಿದ್ದು. ಆದ್ರೆ ಏಣಿ ನನ್ನಿಂದಾಗಲ್ಲ, ಆಗ್ಲೇ ಎರಡೆರಡು ಕಾಣ್ತಾ ಇದೆ."

ಹಂಫ್ರಿಯೇ ಹತ್ತಿದ. ಬೆನ್ನಿಗೆ ಬಳಿದ, ಕಿವಿಗೆ ಬಳಿದ. ಎಷ್ಟು ಬಳಿದರೂ ಬಿಳುಪು ಇಣುಕುತ್ತಿತ್ತು. ಕೆಳಗಿನಿಂದ ಊರೆಲ್ಲ ಸಲಹೆ ಕೊಡುತ್ತಿತ್ತು: "ಹೊಟ್ಟೆ ಬಿಟ್ಟೆ!", "ಬಾಲ, ಬಾಲ!", "ಒರಟಾಗಿ ಒತ್ತಬೇಡ, ಗುಳ್ಳೆ ಬರತ್ತೆ!"

ಹಾಗೇ ಒಮ್ಮೆಲೇ ಊರೆಲ್ಲ ದಾರಿಯ ಕಡೆ ತಿರುಗಿತು.

ದಾರಿಯ ತಿರುವಿನಲ್ಲಿ ಕೆಲವು ಸವಾರರು ಬಂದರು. ಅವರ ನಡುವೆ ಒಂದು ಕುದುರೆ. ಅದರ ಬೆನ್ನಿಗೆ ಅಡ್ಡಲಾಗಿ, ಸಂತೆಗೆ ಒಯ್ಯುವ ಕುರಿಯಂತೆ ಕಟ್ಟಿದ ಒಂದು ಬರಿಮೈ ಹೆಣ. ತೆಳ್ಳಗಿನ ಕೈಗಳು ಜೋತುಬಿದ್ದು ಕುದುರೆಯ ಹೆಜ್ಜೆಗೆ ಸರಿಯಾಗಿ ಅತ್ತಿತ್ತ ತೂಗುತ್ತಿದ್ದವು. ಬೆನ್ನು ನಿಜಕ್ಕೂ ಸ್ವಲ್ಪ ಸೊಟ್ಟಗಿತ್ತು. ಬೆಳಿಗ್ಗೆಯವರೆಗೆ ಇಂಗ್ಲೆಂಡನ್ನು ಆಳಿದವನ ಮೈಮೇಲೆ ಒಂದು ತುಂಡು ಬಟ್ಟೆ ಹಾಕುವ ಮನುಷ್ಯತ್ವ ಆ ಗೆದ್ದವರಿಗಿರಲಿಲ್ಲ. ಹಾಕಬೇಕೆಂದು ಬಾಯಿಬಿಡುವ ಗಂಡಸು ಊರಲ್ಲೂ ಇರಲಿಲ್ಲ. ಮಾರ್ಜರಿ ಅಜ್ಜಿ ಒಬ್ಬಳೇ ದಾರಿಗಿಳಿದು ಶಿಲುಬೆಯ ಗುರುತು ಮಾಡಿ ತಲೆಬಾಗಿದಳು.

ಏಣಿಯ ಮೇಲಿದ್ದ ಹಂಫ್ರಿ ಟೊಪ್ಪಿಗೆ ತೆಗೆಯಲಿಲ್ಲ. ತಿರುಗಿಯೂ ನೋಡಲಿಲ್ಲ. ನೋಡಿದರೆ ಇಳಿದುಬಿಡುತ್ತೇನೆಂಬ ಹೆದರಿಕೆ ಅವನಿಗೆ. ಗೊರಸಿನ ಸದ್ದು ಬೆನ್ನ ಹಿಂದೆ ಬಂದು, ಬೆನ್ನ ಹಿಂದೆಯೇ ದಾಟಿಹೋಯಿತು. ಬಳಿದ ಜಾಗಕ್ಕೇ ಮತ್ತೆ ಮತ್ತೆ ಬಳಿಯುತ್ತ ನಿಂತಿದ್ದ. ಕುಂಚದಿಂದ ನೀಲಿ ತೊಟ್ಟಿಕ್ಕಿ ತೋಳೊಳಗೆ ಇಳಿಯುತ್ತಿತ್ತು.

"ಇಳೀರಿ, ಆಯ್ತು," ಎಂದಳು ಸಿಸಿಲಿ ಮೆಲ್ಲಗೆ.

"ಆಗಿಲ್ಲ ಕಣೇ," ಎಂದ ಹಂಫ್ರಿ.

ಅವನು ಇಳಿದು ಕೈ ತೊಳೆಯುವಷ್ಟರಲ್ಲಿ ದೂಳೆದ್ದಿತು. ದಂಡು! ಗಿಲ್ಬರ್ಟ್ ಗಂಟಲು ಸರಿಮಾಡಿಕೊಂಡು ಹೊಸ ದೊರೆಗೆ ಜಯಕಾರ ಹಾಕಲು ಸಿದ್ಧನಾದ. ಹಂಫ್ರಿ ಮುಂದಿನ ಬಾವುಟ ನೋಡಿದ.

ಬಾವುಟದ ಮೇಲೆ ಒಂದು ಹಂದಿ ಇತ್ತು. ನೀಲಿ ಹಂದಿ. ಸೈನಿಕರ ಎದೆಯ ಮೇಲೂ ನೀಲಿ ಹಂದಿ.

ಗೆದ್ದ ಕಡೆಯ ದೊಡ್ಡ ಸರದಾರನೊಬ್ಬನ ಲಾಂಛನ ಅದು. ಆ ಸರದಾರ ವರ್ಷಗಟ್ಟಲೆ ಕಡಲಾಚೆ ಸೆರೆಯಲ್ಲಿದ್ದವನು. ಅವನ ಹಂದಿಗೆ ಯಾವ ಬಣ್ಣವೆಂಬುದು ಎಲ್ಮ್‌ಸ್ಟೋದಲ್ಲಿ ಒಬ್ಬನಿಗೂ ನೆನಪಿರಲಿಲ್ಲ.

ದಳಪತಿ ಕುದುರೆ ನಿಲ್ಲಿಸಿ ತಲೆಯೆತ್ತಿ ನೋಡಿದ. ಗಾಯದ ಗುರುತಿದ್ದ ಒರಟು ಮುಖ ಕರಗಿತು.

"ನೋಡ್ರೋ!" ಎಂದು ಕೂಗಿದ. "ಊರೂರಲ್ಲೂ ನಮ್ಮನ್ನ ಮರೆತ್ರು. ಇಲ್ಲೊಬ್ಬ ಉಳ್ಕೊಂಡಿದಾನೆ! ಯಾರದು ಈ ಮನೆ?"

ಇಡೀ ಓಣಿ ಹಂಫ್ರಿಯ ಕಡೆ ಬೆರಳು ತೋರಿಸಿತು.

"ಬಣ್ಣ ಹಸಿಯಿದೆಯಲ್ಲೋ?" ಎಂದ ಒಬ್ಬ ಸೈನಿಕ, ಕುದುರೆಯ ಮೇಲಿಂದಲೇ ಹಂದಿಯನ್ನು ಮುಟ್ಟಿ ನೀಲಿಯಾದ ಬೆರಳು ನೋಡಿಕೊಂಡು.

ಹಂಫ್ರಿ ಬಾಯಿ ತೆರೆಯುವ ಮೊದಲೇ ಗಿಲ್ಬರ್ಟ್ ನುಗ್ಗಿದ. "ಇಷ್ಟು ದಿನ ಅಟ್ಟದ ಮೇಲೆ ಬಚ್ಚಿಟ್ಟಿದ್ದ ಧಣಿ! ಇವತ್ತು ಖುಷಿ ತಡೀಲಾರ್ದೆ ಹೊಸ ಬಣ್ಣ ಬಳಿದು ತೂಗುಹಾಕ್ದ."

"ಕೋರೆ ಏನಾಯ್ತು?"

"ಸತ್ತೋನ ಕಡೆಯೋರು ಮುರಿದ್ರು ಧಣಿ. ಪಾಪ, ತಡೆಯೋಕೆ ಹೋಗಿ ಹುಬ್ಬು ಒಡೆಸ್ಕೊಂಡ. ನೋಡಿ, ರಕ್ತ ಇನ್ನೂ ಆರಿಲ್ಲ!"

ದಳಪತಿ ಕುದುರೆಯಿಂದ ಹಾರಿ ಹಂಫ್ರಿಯನ್ನು ಅಪ್ಪಿಕೊಂಡ. ಕಬ್ಬಿಣದ ಆ ಅಪ್ಪುಗೆಗೆ ಹಂಫ್ರಿಯ ಎಲುಬೆಲ್ಲ ಕಿರುಗುಟ್ಟಿತು. ಮುಂದಿನದನ್ನು ಹೇಳಬೇಕಿಲ್ಲ. ನಮ್ಮವನ ಮನೆ, ನಮ್ಮದೇ ಮನೆ ಎಂದು ದಂಡೇ ಒಳನುಗ್ಗಿತು. ಪೀಪಾಯಿಗಳು ಬರಿದಾದವು. ಹೊಗೆಯಲ್ಲಿ ತೂಗುಹಾಕಿದ್ದ ಹಂದಿಮಾಂಸ, ಗೂಡಿನ ಬಾತುಕೋಳಿ, ಸಿಸಿಲಿ ಚಳಿಗಾಲಕ್ಕೆಂದು ಮಾಡಿಟ್ಟ ಚೀಸು, ಎಲ್ಲವೂ ನಿಷ್ಠೆಯ ಹೆಸರಲ್ಲಿ ಹೊಟ್ಟೆ ಸೇರಿತು. ಶತ್ರುಗಳು ಬಂದಿದ್ದರೆ ಏನನ್ನಾದರೂ ಬಿಟ್ಟು ಹೋಗುತ್ತಿದ್ದರೇನೋ. ಇವರು ಆಪ್ತರು.

ಹೊರಗೆ ಜಗಲಿಯ ಮೇಲೆ ಕೂತ ಮಾರ್ಜರಿ ಅಜ್ಜಿಯ ಎದೆಯ ಬಿಳಿಹಂದಿ ದಳಪತಿಯ ಕಣ್ಣಿಗೆ ಬಿತ್ತು.

"ಯಾರಿಗೋಸ್ಕರ ಅಜ್ಜಿ ಇದು?"

"ಸತ್ತೋನಿಗೆ. ಬೆಳಿಗ್ಗೆ ತನಕ ನಿನಗೂ ದೊರೆ ಅವನೇ ಆಗಿದ್ದನಪ್ಪಾ."

ದಳಪತಿ ತನ್ನವರ ಕಡೆ ತಿರುಗಿದ. "ಇರ್ಲಿ ಬಿಡು. ಅಳೋರಿಗೆ ಅಳೋಕೆ ಬಿಡ್ರೋ," ಎಂದು ಮುಂದೆ ನಡೆದ. ಅವಳ ಒಂದು ಮೇಣದಬತ್ತಿಯನ್ನೂ ಯಾರೂ ಮುಟ್ಟಲಿಲ್ಲ.

ಹಂಫ್ರಿ ಇದನ್ನೆಲ್ಲ ಬಾಗಿಲಲ್ಲಿ ನಿಂತು ಕಂಡ. ಇಷ್ಟೇನಾ? ಸುಮ್ಮನೆ ನಿಂತಿದ್ದರೆ ಸಾಕಾಗಿತ್ತಾ?

"ಹೊರಡೋಣ ಬಾ," ಎಂದು ದಳಪತಿ ಅವನ ಭುಜ ತಟ್ಟಿ ಕೈಗೊಂದು ಈಟಿ ಕೊಟ್ಟ.

"ಎಲ್ಲಿಗೆ ಧಣೀ?"

"ಲಂಡನ್ನಿಗೆ! ನಮ್ಮ ಧಣಿಯ ಲಾಂಛನ ಎತ್ತಿದೋನು ಅವರ ಆಳು. ಅವರು ಎಲ್ಲಿಗೋ ನೀನೂ ಅಲ್ಲಿಗೆ. ನಿನ್ನಂಥೋನು ಈ ಹಳ್ಳೀಲಿ ಕೊಳೀಬಾರ್ದು."

ಗಿಲ್ಬರ್ಟ್ ಕಟ್ಟಿದ ಕಥೆ ಸುಳ್ಳೆಂದು ಹೇಳಿದರೆ ಕಂಬ, ನಿಜವೆಂದರೆ ಲಂಡನ್. ಹಂಫ್ರಿ ಸಿಸಿಲಿಯ ಕಡೆ ನೋಡಿದ. ಅವಳು ಬರಿದಾದ ಪೀಪಾಯಿಗೆ ಒರಗಿ ಅಂಗೈಗಳಲ್ಲಿ ಮುಖ ಮುಚ್ಚಿಕೊಂಡಿದ್ದಳು. "ಹೋಗ್ಬಾ ಹಂಫ್ರಿಯಣ್ಣಾ, ಊರಿಗೇ ಹೆಮ್ಮೆ!" ಎಂದು ಗಿಲ್ಬರ್ಟ್ ಟೊಪ್ಪಿಗೆ ಹಾರಿಸಿದ.

ಊರು ದಾಟಿದ ಮೇಲೆ ಸೈನಿಕರು ಹಾಡು ಶುರುಮಾಡಿದರು. ಸತ್ತ ದೊರೆಯ ಬೆನ್ನಿನ ಮೇಲೆ, ಅವನ ಹೆಂಡತಿಯ ಮೇಲೆ, ಮಣ್ಣಾದ ಮಗುವಿನ ಮೇಲೆ ಕಟ್ಟಿದ ಹೊಲಸು ಹಾಡು. ಎಲ್ಲರಿಗಿಂತ ಹೆಚ್ಚು ಕಷ್ಟ ಉಂಡ ನಿಷ್ಠಾವಂತನಿಗೆ ಮರ್ಯಾದೆ ಬೇಡವೇ? ಮೊದಲ ಸಾಲು ಅವನೇ ಎತ್ತಿಕೊಡಬೇಕೆಂದು ದಳಪತಿ ಅಪ್ಪಣೆ ಕೊಟ್ಟ.

ಹಂಫ್ರಿ ಎತ್ತಿಕೊಟ್ಟ. ದನಿ ಸಾಲದು ಎಂದರು. ಇನ್ನಷ್ಟು ಗಟ್ಟಿಯಾಗಿ ಹಾಡಿದ.