‘ಎಲ್ಲಿಗೆ?’ ಎಂದು ಕೇಳದ ಕಂಡಕ್ಟರ್

ಕಳೆದ ಶ್ರಾವಣದ ಎರಡನೇ ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ, ಮಸ್ಕಿಯ ಮನೆಯಲ್ಲಿ ನನ್ನ ಸೋದರಮಾವ ತಮ್ಮ ಹೆಂಡತಿಯನ್ನು ‘ಎಲ್ಲಿಗೆ?’ ಎಂದು ಕೇಳಿದರು. ಈ ಪ್ರಶ್ನೆಯನ್ನು ಅವರು ಯಾರನ್ನಾದರೂ ಕೇಳಿದ್ದು, ನನಗೆ ತಿಳಿದಂತೆ, ಅದೇ ಮೊದಲು. ಅವರು ಮೂವತ್ತೊಂದು ವರ್ಷ ಬಸ್ ಕಂಡಕ್ಟರ್ ಆಗಿದ್ದವರು!

ಸಿಂಧನೂರು–ಲಿಂಗಸುಗೂರು ದಾರಿಯಲ್ಲಿ ಮಾವ ಮುಖ ನೋಡಿಯೇ ಟಿಕೆಟ್ ಹರಿಯುತ್ತಿದ್ದರು. ಪ್ರಯಾಣಿಕರಿಗೆ ಬಾಯಿ ತೆರೆಯುವ ಕೆಲಸವೇ ಇರಲಿಲ್ಲ. ಕೈಯಲ್ಲಿ ಪಹಣಿಯ ಚೀಲವಿದ್ದರೆ ಲಿಂಗಸುಗೂರಿನ ಕಚೇರಿ. ಕೂತ ಕೂಡಲೇ ಗೊರಕೆ ಹೊಡೆದವನು ಹಟ್ಟಿಯ ಗಣಿಯಲ್ಲಿ ಪಾಳಿ ಮುಗಿಸಿ ಊರಿಗೆ ಹೊರಟವನು. ಅವನನ್ನು ಎಬ್ಬಿಸಿ ಕೇಳುವುದೇನು? “ಮನಸಿಗೂ ಒಂದು ಬೋರ್ಡ್ ಇರ್ತೈತಿ. ನಾ ಅದನ್ನ ಓದ್ತೀನಿ, ಅಷ್ಟ” ಎನ್ನುತ್ತಿದ್ದರು.

ನಾನು ಪತ್ರಿಕೆಯವನು. ಇಂಥ ಹೇಳಿಕೆಯನ್ನು ಪರಿಶೀಲಿಸದೆ ಒಪ್ಪುವಂತಿಲ್ಲ. ಒಮ್ಮೆ ಸಿಂಧನೂರಿನಲ್ಲಿ ಅವರ ಬಸ್ ಹತ್ತಿ ಹಿಂದಿನ ಸೀಟಿನಲ್ಲಿ ಕೂತೆ. ಲಿಂಗಸುಗೂರಿಗೆ ಹೊರಟಿದ್ದ ಮೇಷ್ಟ್ರೊಬ್ಬರ ಕೈಗೆ ಮಾವ ಮಸ್ಕಿಯ ಟಿಕೆಟ್ ಇಟ್ಟರು. ಜಗಳವಾಯಿತು. ಮಸ್ಕಿಯಲ್ಲಿ ಟೈರ್ ಪಂಕ್ಚರ್ ಆಗಿ ಮೇಷ್ಟ್ರು ಅಲ್ಲೇ ಇಳಿಯಬೇಕಾಯಿತು. “ನೋಡಿದ್ಯಾ?” ಎಂದು ಮಾವ ನನ್ನತ್ತ ಹುಬ್ಬು ಹಾರಿಸಿದರು. ಟೈರಿನ ಮನಸ್ಸನ್ನೂ ಓದಿದ್ದರೇನೋ!

ಎಲ್ಲರೂ ಅಷ್ಟು ಸುಲಭಕ್ಕೆ ಓದಿಸಿಕೊಳ್ಳುತ್ತಿರಲಿಲ್ಲ. ವಾರವಾರ ಸಂತೆಗೆ ಹೋಗುವ ಹೆಂಗಸೊಬ್ಬಳು ಟಿಕೆಟ್ ತಿರುಗಿಸಿ ನೋಡಿ ಕೇಳಿದಳು:

“ಎಪ್ಪಾ, ನಾ ಮಸ್ಕಿಗೆ ಹೊಂಟೀನಿ. ನೀ ಲಿಂಗಸುಗೂರದು ಕೊಟ್ಟಿ?”

“ಅಲ್ಲಿ ನಿನ್ನ ತವರುಮನಿ ಐತಿ. ಹೋಗಬೇಕಂತ ಮನಸಿನ್ಯಾಗ ಐತಿ ನಿನಗ.”

“ಮನಸಿನ್ಯಾಗ ಇದ್ದಲ್ಲೆಲ್ಲ ಹೊಂಟ್ರ, ಮನ್ಯಾಗ ರೊಟ್ಟಿ ನೀ ಬಡೀತಿ ಏನು?”

ಬಸ್ಸೆಲ್ಲ ನಕ್ಕಿತು. ಮಾವ ಮಾತ್ರ ನಗದೆ ಹೊಸ ಟಿಕೆಟ್ ಹರಿದರು.

ಮನೆಯಲ್ಲೂ ಇದೇ ಪದ್ಧತಿ. ಅತ್ತೆ ಕೇಳುವ ಮೊದಲೇ ಚಹಾ ಬರುತ್ತಿತ್ತು. ಬೇಡವೆನ್ನುವ ಮೊದಲೇ ಹಸಿರು ಸೀರೆಯೂ ಬರುತ್ತಿತ್ತು. ಸಿಂಧನೂರಿನ ದಾರಿಯ ಗೊರೇಬಾಳದಲ್ಲಿರುವ ತಮ್ಮ ತಂಗಿಯ ಜೊತೆ, ಮದುವೆಯೊಂದರಲ್ಲಿ ಉಡುಗೊರೆ ಕೊಟ್ಟ ಆಯೇರಿ ಸೀರೆಯ ವಿಷಯಕ್ಕೆ ಅತ್ತೆಗೆ ಮನಸ್ತಾಪವಾಯಿತು. ತೀರ್ಪು ಕೊಟ್ಟವರು ಮಾವ: “ಆಕಿ ಮನಸು ನನಗ ಗೊತ್ತೈತಿ. ಇನ್ನ ಈ ಮನ್ಯಾಗ ಗೊರೇಬಾಳದ ಹೆಸರು ತೆಗೀಬ್ಯಾಡ್ರಿ.” ಏಳು ವರ್ಷ ಯಾರೂ ತೆಗೆಯಲಿಲ್ಲ. ಅತ್ತೆ ಒಮ್ಮೆ ನನ್ನೆದುರು ಹೇಳಿದ್ದರು: “ನಿಮ್ಮ ಮಾವ ಟಿಕೆಟ್ ಹರದಾರಪ್ಪ. ನಾವು ಕುಂಡ್ರಬೇಕಷ್ಟ.”

ಕಳೆದ ಆಷಾಢದಲ್ಲಿ ಅತ್ತೆಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತೂ ಹೋಯಿತು. ಬೆಳಿಗ್ಗೆ ಸಿಂಧನೂರಿನ ಬಸ್ಸು ಮನೆಯೆದುರು ಹಾರ್ನ್ ಹಾಕಿದಾಗಲೆಲ್ಲ ಅವರು ಎಡಗೈಯಿಂದ ಮಂಚ ಬಡಿಯುತ್ತಿದ್ದರು. ಮಾವ ಓದತೊಡಗಿದರು. ನೀರು ತಂದರು. ದಿಂಬು ತಿರುಗಿಸಿದರು. ವಿಭೂತಿ ಹಚ್ಚಿದರು. ಫ್ಯಾನ್ ಹಾಕಿದರು, ಆರಿಸಿದರು. ಅತ್ತೆ ಗೋಡೆಯ ಕಡೆ ಹೊರಳಿದರು. ಊಟ ಎರಡು ತುತ್ತಿಗೆ ಇಳಿಯಿತು.

ಸಿಂಧನೂರಿನ ಡಾಕ್ಟರ್ ಹೇಳಿದ್ದಿಷ್ಟು: “ಅವರಿಗೆ ಎಲ್ಲಾ ತಿಳೀತೈತಿ. ಹಿಂಗ ಊಟ ಬಿಟ್ರ ಬಾಳ ದಿನ ಉಳಿಯೂದಿಲ್ಲ. ನೀವು ಊಹೆ ಮಾಡಬ್ಯಾಡ್ರಿ, ಕೇಳ್ರಿ. ಹೌದಂದ್ರ ಕೈ ಒತ್ತತಾರ.”

“ಕೇಳೂದಾ?” ಎಂದರು ಮಾವ.

ಆ ಸೋಮವಾರ ನಾನೂ ಅಲ್ಲಿದ್ದೆ. ಹಾರ್ನ್ ಕೇಳಿತು, ಮಂಚದ ಸದ್ದೂ ಕೇಳಿತು. ಮಾವ ಸ್ಟೂಲ್ ಎಳೆದುಕೊಂಡು ಕೂತು ಅತ್ತೆಯ ಎಡಗೈ ಹಿಡಿದರು.

“ಎಲ್ಲಿಗೆ?”

ಆಮೇಲೆ ಒಂದೊಂದೇ ಸ್ಟಾಪು.

“ಲಿಂಗಸುಗೂರು?” ಕೈ ಅಲುಗಲಿಲ್ಲ.

“ಸಿಂಧನೂರು? ದವಾಖಾನಿಗೆ?” ಅಲುಗಲಿಲ್ಲ.

ಆ ದಾರಿಯ ಊರುಗಳೆಲ್ಲ ಬಾಯಿಪಾಠವಿದ್ದ ಮಾವ ಮುಂದಿನದನ್ನು ಮಾತ್ರ ತಡವರಿಸಿಕೊಂಡು ಹೇಳಿದರು.

“ಗೊರೇಬಾಳ?”

ಅತ್ತೆ ಕೈ ಒತ್ತಿದರು. ಮಾವ ಇನ್ನೊಮ್ಮೆ ಕೇಳಿದರು. ಅತ್ತೆ ಇನ್ನೊಮ್ಮೆ ಒತ್ತಿ, ಬಿಡಲಿಲ್ಲ.

ಹನ್ನೊಂದೂವರೆಯ ಬಸ್ಸಿಗೆ ನಾನೂ ಮಾವನೂ ಅತ್ತೆಯನ್ನು ಎತ್ತಿಕೊಂಡು ಹೋಗಿ ಮುಂದಿನ ಸೀಟಿನಲ್ಲಿ ಕೂರಿಸಿದೆವು. ಕಂಡಕ್ಟರ್ ಹೆಣ್ಣುಮಗಳು ಟಿಕೆಟ್ ಯಂತ್ರ ಹಿಡಿದು ಬಂದಳು.

“ಎಲ್ಲಿಗ್ರೀ, ಅಜ್ಜಾರ?”

“ಆಕೀನ ಕೇಳವ್ವ” ಎಂದರು ಮಾವ. “ಒಂದೊಂದ ಊರು ಹೇಳು. ಕೈ ಎತ್ತತಾಳ.”

ಅವಳು ಹೇಳಿದಳು. ಅತ್ತೆ ಕೈ ಎತ್ತಿದರು.

ಅತ್ತೆ ಈಗ ಗೊರೇಬಾಳದಲ್ಲಿ ತಂಗಿಯ ಮನೆಯಲ್ಲಿದ್ದಾರೆ. ನಿನ್ನೆ ಮಧ್ಯಾಹ್ನ ತಂಗಿ ಹಾಲಿನಲ್ಲಿ ನೆನೆಸಿ ತಿನ್ನಿಸಿದ ಒಂದು ರೊಟ್ಟಿಯನ್ನು ಪೂರ್ತಿ ತಿಂದರು.