ಬೀಗರಿಗೆ ಶುಗರ್ ಇದೆಯೇ?

ಹೆಣ್ಣು ಹೆತ್ತವನಿಗೆ ಮುಂದಾಲೋಚನೆ ಇರಬೇಕು ಎಂದು ನಂಬಿದವನು ನಾನು. ಮಗಳು ಕಾವ್ಯಳಿಗೆ ಹೂ ಮುಡಿಸಲು ಸುಂಕದಕಟ್ಟೆಯ ಬೀಗರು ಗೋವಿಂದರಾಜನಗರದ ನಮ್ಮ ಮನೆಗೆ ಬರುವವರಿದ್ದರು. ಊಟಕ್ಕೆ ಒಬ್ಬಟ್ಟು. ಸಕ್ಕರೆ ಕಾಯಿಲೆಯವರು ಒಬ್ಬಿಬ್ಬರಿದ್ದರೆ ಅವರಿಗೆ ಮುದ್ದೆ ಎಂಬ ಮಹತ್ತರ ಯೋಜನೆ ನನ್ನದು!

"ನೀವು ಯಾರನ್ನೂ ಏನೂ ಕೇಳ್ಬೇಡಿ, ಸುಮ್ನಿರಿ," ಎಂದಳು ಹೆಂಡತಿ ಸುಜಾತಾ. ಸುಮ್ಮನಿರುವ ಅಭ್ಯಾಸ ನನಗಿಲ್ಲ.

ಬಂದವರು ನೀರು ಕುಡಿದದ್ದೇ ತಡ, ಹುಡುಗನ ತಂದೆ ನಂಜೇಗೌಡರ ಪಕ್ಕ ಕುಳಿತು ಮೆಲ್ಲಗೆ ಕೇಳಿದೆ. "ಬೀಗ್ರೇ, ನಿಮ್ಗೆ ಶುಗರ್ ಇದ್ಯಾ?"

"ಇಲ್ಲ."

"ಬಿಪಿ?"

"ಇಲ್ಲ!" ಗೌಡರ ಮುಖ ಯಾಕೋ ಬಿಗಿಯಿತು.

ಹುಡುಗನ ತಾಯಿ, ದೊಡ್ಡಪ್ಪ, ಸೋದರತ್ತೆ, ಎಲ್ಲರನ್ನೂ ವಿಚಾರಿಸಿದೆ. ಯಾರಿಗೂ ಏನೂ ಇಲ್ಲ! ಆದರೆ ಕಾಫಿ ತಂದರೆ ಒಬ್ಬೊಬ್ಬರೂ ಸಕ್ಕರೆ ಬೇಡ ಎನ್ನುತ್ತಾರೆ. ನನಗೆ ತಲೆಬುಡ ತಿಳಿಯಲಿಲ್ಲ.

ಗೌಡರು ಎದ್ದು ನಿಂತರು. "ಏನ್ರೀ, ಹೆಣ್ಣು ಕೊಡೋ ಮುಂಚೆ ನಮ್ಮ ವಂಶದ ಕಾಯಿಲೆಗಳ ತಪಾಸಣೆ ಮಾಡ್ತಾ ಇದೀರಾ? ಹೂವ ಎತ್ಕೊಳ್ರಮ್ಮ, ಹೊರಡೋಣ!"

ಬಾಗಿಲಲ್ಲಿ ನಿಂತಿದ್ದ ಕಾವ್ಯಳ ಕಣ್ಣು ತುಂಬಿತ್ತು. "ಅಯ್ಯೋ, ನಾನು ಕೇಳಿದ್ದು ಮುದ್ದೆಗೋಸ್ಕರ!" ಎಂದೆ. ಯಾರಿಗೂ ಅರ್ಥವಾಗಲಿಲ್ಲ. ಬಿಡಿಸಿ ಹೇಳಲು ಹೋದೆ. ನನಗೂ ಅರ್ಥವಾಗಲಿಲ್ಲ!

ಅಷ್ಟರಲ್ಲಿ ಸುಜಾತಾ ಒಳಗಿನಿಂದ ಒಂದು ಡಬ್ಬಿ ತಂದು ಗೌಡರ ಮುಂದೆ ತೆರೆದಳು. "ಅಣ್ಣ, ಇವ್ರ ಮಾತು ಬಿಡಿ. ಇದು ನಂದು, ಶುಗರ್‌ಗೊಂದು, ಥೈರಾಯ್ಡ್‌ಗೊಂದು. ಇದು ನಮ್ಮತ್ತೇದು, ಬಿಪಿಗೆ. ನಾವು ಯಾರನ್ನ ತಪಾಸಣೆ ಮಾಡೋಣ ಹೇಳಿ?"

ಅವು ಶಕ್ತಿಯ ಮಾತ್ರೆಗಳೆಂದೇ ನಾನು ತಿಳಿದಿದ್ದೆ!

ಗೌಡರು ಡಬ್ಬಿಯನ್ನು ನೋಡಿದರು. ನಿಧಾನವಾಗಿ ಕುಳಿತರು. ಅಂಗಿಯ ಜೇಬಿನಿಂದ ಮಾತ್ರೆ ಹೊರಬಂತು. "ನಂದೂ ಇದೇ ಕಣಮ್ಮ. ನೀವು ಊಟಕ್ಕೆ ಮುಂಚೆ ತಗೊಳ್ತೀರೋ, ಆಮೇಲೋ?" ಹುಡುಗನ ಸೋದರತ್ತೆಯ ಬ್ಯಾಗು ತೆರೆಯಿತು, ದೊಡ್ಡಪ್ಪನ ಪಂಚೆಯ ಸೊಂಟದಿಂದಲೂ ಒಂದು ಪೊಟ್ಟಣ ಬಂತು. ಒಬ್ಬರದು ಕೊಲೆಸ್ಟ್ರಾಲ್, ಇನ್ನೊಬ್ಬರದು ಫ್ಯಾಟಿ ಲಿವರ್. ಜಾತಕಕ್ಕಿಂತ ಮಾತ್ರೆಗಳೇ ಚೆನ್ನಾಗಿ ಕೂಡಿಬಂದವು. ಕಾವ್ಯಳಿಗೆ ಹೂ ಮುಡಿಸಿಯೇ ಬಿಟ್ಟರು.

ಎಲೆ ಹಾಕಿದರು. ಎಲ್ಲರೂ ಅರ್ಧ ಒಬ್ಬಟ್ಟು ಸಾಕು ಎನ್ನುತ್ತಿದ್ದಾಗ ನಾನು ಎದೆಯುಬ್ಬಿಸಿ ಕುಳಿತೆ. "ನಂಗೇನೂ ಇಲ್ಲ, ಎರಡು ಹಾಕಿ!"

"ಯಾವಾಗ ಟೆಸ್ಟ್ ಮಾಡಿಸಿದ್ರಿ ಬೀಗ್ರೇ?" ಎಂದರು ಗೌಡರು.

"ಮಾಡಿಸೇ ಇಲ್ಲ."

ಪಂಕ್ತಿಯವರೆಲ್ಲ ನನ್ನತ್ತ ತಿರುಗಿದರು. ಸೋದರತ್ತೆ ಬ್ಯಾಗಿನಿಂದ ಶುಗರ್ ನೋಡುವ ಮೆಷಿನ್ ತೆಗೆದರು. ಮಗಳಿಗೆ ಹೂ ಮುಡಿಸಿದ ದಿನ, ಎರಡೂ ಕಡೆಯ ನೆಂಟರ ಸಮಕ್ಷಮದಲ್ಲಿ, ನನ್ನ ಬೆರಳಿಗೆ ಸೂಜಿ ಚುಚ್ಚಲಾಯಿತು!

ಮೆಷಿನ್ ಕೈಯಿಂದ ಕೈಗೆ ದಾಟಿ ಗೌಡರ ಬಳಿ ಹೋಯಿತು. ಅವರು ಅದನ್ನು ನೋಡಿ, ನನ್ನನ್ನು ನೋಡಿ, ಪ್ರೀತಿಯಿಂದ ಬೆನ್ನು ತಟ್ಟಿದರು.

"ನಮ್ಮೆಲ್ಲರಿಗಿಂತ ನಿಮ್ದೇ ಜಾಸ್ತಿ! ಬನ್ನಿ ಬೀಗ್ರೇ, ಈಗ ನಮ್ಮೋರಾದ್ರಿ."