ಟಾಲಿವರ್ ಅವರ ಬಲ ಮೊಣಕೈಗೆ ಒಂದು ಅಹವಾಲು

ಮಾನ್ಯ ಬಲ ಮೊಣಕೈಯವರೇ,

ಬಿಳಿ ಪಟ್ಟಿಯೊಳಗೆ ವಿಶ್ರಮಿಸುತ್ತಿರುವ ತಮಗೆ ಮಾರ್ಲೋ ಫಾಲ್ಸ್ ಊರಿನಿಂದ ಸವಿನಯ ನಮಸ್ಕಾರಗಳು. ಶಾಲಾ ಬಸ್ಸು ಓಡಿಸಿ ನಿವೃತ್ತನಾದ ನಾರ್ಬರ್ಟ್ ವೊಯ್ಟಾಸ್ ಎಂಬ ನಾನು, ತಮ್ಮ ಒಡೆಯರೂ ಎಸೆತಗಾರರೂ ಆದ ಗ್ರೇಡಿ ಟಾಲಿವರ್ ಅವರನ್ನು ನಡುವೆ ತರದೆ ನೇರವಾಗಿ ತಮಗೇ ಬರೆಯುತ್ತಿರುವುದಕ್ಕೆ ಕ್ಷಮೆ ಇರಲಿ. ಅವರ ಮೇಲೆ ನನಗೆ ಯಾವ ದೂರೂ ಇಲ್ಲ. ಅವರ ಕಾಲು, ಸೊಂಟ, ಗಡ್ಡ ಎಲ್ಲವೂ ಸುಸ್ಥಿತಿಯಲ್ಲಿವೆ ಎಂದು ಪತ್ರಿಕೆಯಲ್ಲಿ ಓದಿದ್ದೇನೆ. ನಿಜ ಹೇಳಬೇಕೆಂದರೆ, ನಮ್ಮ ಹೆರಾನ್ಸ್ ಬೇಸ್‌ಬಾಲ್ ತಂಡ ಬೆಳೆಯುತ್ತಿದ್ದ ಮೂವರು ಹುಡುಗರನ್ನು ಬೇರೆ ತಂಡಕ್ಕೆ ಕೊಟ್ಟು ತಂದದ್ದು ತಮ್ಮನ್ನು. ಮಿಕ್ಕ ಟಾಲಿವರ್ ತಮ್ಮ ಜೊತೆಗೆ ಬಂದರು ಅಷ್ಟೆ.

ತಮ್ಮ ಆಗಮನಕ್ಕಾಗಿ ಗಂಟಲು ಹರಿದುಕೊಂಡವರಲ್ಲಿ ನಾನೇ ಮೊದಲಿಗ ಎಂಬುದನ್ನು ತಾವು ಅರಿಯಬೇಕು. ಈ ಬೇಸಿಗೆಯಲ್ಲಿ ಹೆರಾನ್ಸ್ ಎಲ್ಲರಿಗಿಂತ ಮುಂದಿತ್ತಾದರೂ, ಕೊನೆಯ ಇನಿಂಗ್ಸ್ ಬಂತೆಂದರೆ ನಮ್ಮ ಎಸೆತಗಾರರು ಗೆದ್ದ ಆಟವನ್ನು, ಹೊರಟ ನೆಂಟರಿಗೆ ತಿಂಡಿ ಕಟ್ಟಿಕೊಡುವಂತೆ, ಎದುರಾಳಿಗಳ ಕೈಗಿಟ್ಟು ಕಳಿಸುತ್ತಿದ್ದರು. ನಾನು ವಾರವಾರವೂ ರೇಡಿಯೋದ ಕ್ರೀಡಾ ಕಾರ್ಯಕ್ರಮಕ್ಕೆ ಫೋನ್ ಮಾಡಿ, "ಬೆಳೆಯೋ ಹುಡುಗರು ಅಂದ್ರೆ ಏನ್ರೀ? ಬರೀ ಭರವಸೆ! ಭರವಸೆ ಇಟ್ಕೊಂಡು ಚಾಂಪಿಯನ್ ಆಗಕ್ಕಾಗುತ್ತಾ? ಕೊಟ್ಬಿಡಿ ಅವರನ್ನ, ಒಬ್ಬ ಒಳ್ಳೆ ಎಸೆತಗಾರನ್ನ ತನ್ನಿ!" ಎಂದು ಅಬ್ಬರಿಸುತ್ತಿದ್ದೆ. ಮರುದಿನ ಕ್ಷೌರದಂಗಡಿಗೆ ಹೋದರೆ ಜನ ತಿರುಗಿ ನೋಡುತ್ತಿದ್ದರು. ಸಂತೋಷವಾಗುತ್ತಿತ್ತು, ಯಾಕೆ ಸುಳ್ಳು ಹೇಳಲಿ.

ಆ ಭರವಸೆಗಳಲ್ಲೊಂದು ನಮ್ಮ ಅಡುಗೆಮನೆಯಲ್ಲೇ ಕೂತು ಊಟ ಮಾಡುತ್ತಿತ್ತು ಎಂಬುದು ತಮಗೆ ತಿಳಿದಿರಲಾರದು. ಹೆರಾನ್ಸ್‌ನ ಕಿರಿಯರ ತಂಡ ಆಡುವುದು ನಮ್ಮೂರಿನಲ್ಲಿ. ಆ ಹುಡುಗರಿಗೆ ಊರಿನ ಮನೆಗಳವರೇ ಕೋಣೆ ಕೊಟ್ಟು ಊಟಕ್ಕಿಡುವುದು ಮೊದಲಿನಿಂದಲೂ ನಡೆದು ಬಂದದ್ದು. ನಮ್ಮ ಮನೆಗೆ ಬಂದವನು ಡೊಮಿನಿಕನ್ ನಾಡಿನ ಯಾದಿಯೆಲ್ ಪೆನ್ಯಾ, ಚೆಂಡು ಹಿಡಿಯುವುದರಲ್ಲಿ ಬೆಕ್ಕಿನಷ್ಟು ಚುರುಕು. ನನ್ನ ಹೆಂಡತಿ ಲೊರೆಟ್ಟಾಳನ್ನು ಬಂದ ವಾರದಲ್ಲೇ ಅಮ್ಮ ಎಂದ. ನನ್ನನ್ನು ಮಾತ್ರ ಕೊನೆಯವರೆಗೂ ಯಜಮಾನ್ರೇ ಎಂದೇ ಕರೆದ. ಮನುಷ್ಯರನ್ನು ಅಳೆಯುವುದು ಅವನಿಗೆ ಚೆನ್ನಾಗಿ ಬರುತ್ತಿತ್ತೆಂದು ಈಗ ಅನ್ನಿಸುತ್ತದೆ. ಭಾನುವಾರ ಅವನು ಬಾಳೆಕಾಯಿ ಬೇಯಿಸಿ ಹಿಸುಕಿ ನಮಗೆ ಬಡಿಸುತ್ತಿದ್ದ, ಉಳಿದ ದಿನ ಲೊರೆಟ್ಟಾ ಮಾಡಿದ, ಆಲೂಗಡ್ಡೆ ತುಂಬಿದ ಪಿರೋಗಿ ಕಡುಬು ತಿನ್ನುತ್ತಿದ್ದ. ತಿನ್ನುತ್ತಾ ಇಂಗ್ಲಿಷ್ ಕಲಿಯಲೆಂದು ರೇಡಿಯೋ ಕೇಳುತ್ತಿದ್ದ. ಯಾವ ಕಾರ್ಯಕ್ರಮ ಎಂದು ತಾವು ಊಹಿಸಿರಬಹುದು.

ನನಗೆ ಅದು ಗೊತ್ತಿರಲಿಲ್ಲ. ಲೊರೆಟ್ಟಾ ಬೈಯುತ್ತಾಳೆಂದು ನಾನು ಯಾವಾಗಲೂ ನೆಲಮಾಳಿಗೆಯಿಂದ ಫೋನ್ ಮಾಡುತ್ತಿದ್ದೆ. ಒಂದು ಸಂಜೆ ನಿರೂಪಕ, "ನಿಮ್ಮನೇಲೇ ಇರೋ ಪೆನ್ಯಾನ್ನೂ ಕೊಡ್ತೀರಾ, ನಾರ್ಬರ್ಟ್?" ಎಂದು ಕೆಣಕಿದ. ನಿಷ್ಪಕ್ಷಪಾತಿ ಎನ್ನಿಸಿಕೊಳ್ಳುವ ಚಪಲಕ್ಕೆ ನಾನು, "ಮನೆಯೋನು ಅಂತ ನೋಡಕ್ಕಾಗುತ್ತಾ ಸ್ವಾಮಿ? ಅವನನ್ನೂ ಕೊಡಿ" ಎಂದೆ. ರೇಡಿಯೋದಲ್ಲಿ ನಮ್ಮ ಮಾತು ಸ್ವಲ್ಪ ತಡವಾಗಿ ಕೇಳಿಸುತ್ತದೆ. ಆದ್ದರಿಂದ ಎದೆಯುಬ್ಬಿಸಿ ಮೆಟ್ಟಿಲು ಹತ್ತಿ ಬಂದ ನನಗೆ, ನನ್ನ ಅಡುಗೆಮನೆಯಲ್ಲಿ ನನ್ನದೇ ದನಿ ಆ ಮಾತನ್ನು ಹೇಳುವುದನ್ನು ಪೂರ್ತಿ ಕೇಳುವ ಭಾಗ್ಯ ಒದಗಿತು. ಯಾದಿಯೆಲ್ ಫೋರ್ಕ್ ಕೆಳಗಿಟ್ಟು, "ಚೆನ್ನಾಗಿ ಮಾತಾಡಿದ್ರಿ ಯಜಮಾನ್ರೇ. ಈ ಸಲ ಒಂದು ಪದಾನೂ ಬಿಡದೆ ಎಲ್ಲಾ ಅರ್ಥ ಆಯ್ತು" ಎಂದ. ಲೊರೆಟ್ಟಾ ಅವನಿಗೆ ಇನ್ನೊಂದು ಪಿರೋಗಿ ಬಡಿಸಿದಳು. ನನಗೆ ತಟ್ಟೆಯನ್ನೇ ಇಡಲಿಲ್ಲ.

ಜುಲೈ ಮುಗಿಯುವಷ್ಟರಲ್ಲಿ ವಿನಿಮಯವಾಯಿತು. ನನ್ನ ಫೋನಿನಿಂದಲೇ ಆಯಿತೆಂದು ನಾನು ಹೇಳುವುದಿಲ್ಲ. ಕ್ಷೌರದಂಗಡಿಯಲ್ಲಿ ಒಂದು ಬೆಳಿಗ್ಗೆ ಹಾಗೆಂದು ಹೇಳಿದ್ದೆ, ಅದು ಬೇರೆ ವಿಷಯ. ಹೊರಡುವಾಗ ಹುಡುಗ ಲೊರೆಟ್ಟಾಳನ್ನು ಅಪ್ಪಿಕೊಂಡು ಅತ್ತ. ಆಮೇಲೆ ನನ್ನ ಕಡೆ ತಿರುಗಿ, "ಯಜಮಾನ್ರೇ, ನನ್ನ ಬದಲಿಗೆ ಬರೋನು ನಿಜವಾಗ್ಲೂ ಒಳ್ಳೆ ಆಟಗಾರನಾ?" ಎಂದು ಕೇಳಿದ. "ಹೌದಪ್ಪಾ, ಅಂಥ ಕೈ ಎಲ್ಲೂ ಇಲ್ಲ" ಎಂದೆ. "ಹಾಗಾದ್ರೆ ಸರಿ ಬಿಡಿ" ಎಂದು ಸೂಟ್‌ಕೇಸ್ ಎತ್ತಿಕೊಂಡ. ಕೊಟ್ಟು ಕಳಿಸಿದ ಮೇಲೆ, ಯಾವುದೋ ಬೆಲೆಬಾಳುವುದಕ್ಕೇ ಕೊಟ್ಟರು ಎಂಬ ಸಮಾಧಾನವನ್ನಾದರೂ ಅವನು ಒಯ್ಯಬೇಕಿತ್ತು. ತಮ್ಮನ್ನು ನಂಬಿ ನಾನು ಅದನ್ನು ಅವನ ಕೈಗಿಟ್ಟೆ.

ತಾವು ನಾಲ್ಕು ಆಟ ಆಡಿದಿರಿ. ಅದ್ಭುತ! ಆ ಎಸೆತಗಳನ್ನು ನೋಡುತ್ತಾ ನಾನು ಲೊರೆಟ್ಟಾಳ ಮುಖ ನೋಡುವ ಧೈರ್ಯವನ್ನೂ ಮಾಡಿದ್ದೆ. ಐದನೆಯ ಆಟದಲ್ಲಿ ತಮ್ಮೊಳಗೆ ಏನೋ ಹರಿದುಹೋಯಿತು, ಈ ವರ್ಷ ಇನ್ನು ಆಡುವಂತಿಲ್ಲ ಎಂದು ವೈದ್ಯರು ಹೇಳಿದರು. ಅಂದಿನಿಂದ ಇಂದಿನವರೆಗೆ ತಾವು ಎದುರಾಳಿಗೆ ಒಂದೇ ಒಂದು ರನ್ ಬಿಟ್ಟುಕೊಟ್ಟಿಲ್ಲ ಎಂಬುದನ್ನು ನಾನು ಕ್ಷೌರದಂಗಡಿಯಲ್ಲಿ ಎತ್ತಿ ಹೇಳುತ್ತಿದ್ದೇನೆ. ಇತ್ತ ತಂಡದವರು ಮೊದಲೇ ಮಾಡಿಸಿಟ್ಟಿದ್ದ, ಯಾದಿಯೆಲ್ ರೂಪದ ತಲೆಯಾಡಿಸುವ ಬೊಂಬೆಗಳನ್ನು ಅವನು ಹೋದ ಮೇಲೆ ಕ್ರೀಡಾಂಗಣದಲ್ಲಿ ಹಂಚಿದರು. ನಮ್ಮದು ಫ್ರಿಜ್ಜಿನ ಮೇಲಿದೆ. ನಾನು ಬಿಯರಿಗೆಂದು ಬಾಗಿಲು ತೆಗೆದಾಗಲೆಲ್ಲ ಅದು, ಹೌದು ಹೌದು, ಸರಿಯಾಗಿ ಹೇಳಿದಿರಿ ಎಂದು ತಲೆಯಾಡಿಸುತ್ತದೆ.

ಆದ್ದರಿಂದ ತಮ್ಮಲ್ಲಿ ಪ್ರಾರ್ಥನೆ: ದಯವಿಟ್ಟು ವೈದ್ಯರ ಮಾತು ಕೇಳದೆ ಈ ತಿಂಗಳೇ ಗುಣವಾಗಿ. ಆಗದಿದ್ದರೆ ಮುಂದಿನ ವರ್ಷವಾದರೂ ಬನ್ನಿ, ಯಾದಿಯೆಲ್ ತಮ್ಮೆದುರು ಬ್ಯಾಟು ಹಿಡಿದು ನಿಲ್ಲುವ ದಿನ ಬಂದೀತು. ಅಂದು ಅವನಿಗೊಂದು ಸುಲಭದ ಚೆಂಡು ಹಾಕಿ ಎಂದು ಕೇಳೋಣವೆಂದಿದ್ದೆ. ಆದರೆ ಇಂಥ ಸಪ್ಪೆ ಕೈಗಾಗಿಯೇ ನನ್ನನ್ನು ಕೊಟ್ಟರಾ ಎಂದು ಅವನಿಗೆ ನೋವಾದೀತು. ಹಾಗಾಗಿ ತಾವು ತಮ್ಮ ಜನ್ಮದಲ್ಲೇ ಶ್ರೇಷ್ಠವಾದ ಎಸೆತವನ್ನು ಎಸೆಯಬೇಕು. ಅವನು ಅದನ್ನು ಕ್ರೀಡಾಂಗಣದಾಚೆಯ ಸರೋವರಕ್ಕೆ ಬೀಳುವಂತೆ ಬಾರಿಸಬೇಕು. ಹೆರಾನ್ಸ್ ಸೋಲಬಾರದು. ಇಷ್ಟನ್ನು ಹೊಂದಿಸಿಕೊಡುವುದು ತಮಗೆ ಕಷ್ಟವಾಗಲಾರದೆಂದು ನಂಬಿದ್ದೇನೆ.

ಇಡೀ ಮಾರ್ಲೋ ಫಾಲ್ಸ್‌ನಲ್ಲಿ ಬೇರೆ ದಾರಿಯಿಲ್ಲದೆ ತಮ್ಮ ವಿಶ್ವಾಸಿಯಾಗಿ ಉಳಿದಿರುವ ಒಬ್ಬನೇ ಒಬ್ಬ,
ನಾರ್ಬರ್ಟ್ ವೊಯ್ಟಾಸ್

ತಾ.ಕ.: ಕಳೆದ ಭಾನುವಾರ ಯಾದಿಯೆಲ್ ಫೋನ್ ಮಾಡಿದ್ದ. ಲೊರೆಟ್ಟಾ ಮೊದಲ ಸಲ ನನ್ನ ಕೈಗೂ ಫೋನ್ ಕೊಟ್ಟಳು. "ಟಾಲಿವರ್ ಕೈ ಹೇಗಿದೆ ಯಜಮಾನ್ರೇ?" ಎಂದ. ತಮ್ಮ ಮಾನ ಉಳಿಸಲೆಂದು, "ಏನೂ ಆಗಿಲ್ಲಪ್ಪಾ, ಇನ್ನೇನು ಆಡಕ್ಕಿಳೀತಾನೆ" ಎಂದೆ. "ಸುಳ್ಳು ಹೇಳ್ಬೇಡಿ, ಇಲ್ಲೂ ನಾನು ಅದೇ ರೇಡಿಯೋ ಕೇಳ್ತೀನಿ" ಎಂದು ನಕ್ಕ. ಆಮೇಲೆ, "ಈಗ್ಯಾಕೆ ಅದರಲ್ಲಿ ನಿಮ್ಮ ದನೀನೇ ಬರ್ತಿಲ್ಲ?" ಎಂದು ಕೇಳಿದ. ನಾನು ಫೋನನ್ನು ಲೊರೆಟ್ಟಾಳಿಗೆ ಕೊಟ್ಟುಬಿಟ್ಟೆ.